ಎರಡೂ ತುದಿ ಚೂಪಾದ ಪೆನ್ಸಿಲು

ಕಂಡಕ್ಟರನ ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲು, ಒಂದೇ ತುದಿ ಚೂಪು, ಇನ್ನೊಂದನ್ನು ಕಚ್ಚಿ ಕಚ್ಚಿ ಜಜ್ಜಿಹಾಕಿದ್ದಾನೆ ಪುಣ್ಯಾತ್ಮ — ಎಲ್ಲಿಗಮ್ಮ ಅಂದ, ಕುಣಿಗಲ್ ಅಂದಳು ವನಜಮ್ಮ, ಅಂದ ಮೇಲೆ ತನಗೇ ಆಶ್ಚರ್ಯ, ಗುಬ್ಬಿ ಬಸ್ಸು ಹತ್ತಬೇಕಾದವಳು ತುಮಕೂರು ಸ್ಟ್ಯಾಂಡಿನಲ್ಲಿ ಈ ಬಸ್ಸನ್ನು ಹೇಗೆ ಹತ್ತಿದಳು, ಕಾಲಿಗೇ ಬುದ್ಧಿ ಬಂದಿರಬೇಕು, ಐದು ತಿಂಗಳಿಂದ ತಲೆಗೆ ಬಾರದ ಬುದ್ಧಿ. ತೊಡೆಯ ಮೇಲೆ ಜರಿಯಂಚಿನ ಶಾಲು, ಅದರ ಕೆಳಗೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರ, ಎ ಗ್ರೇಡ್, ಚಿನ್ನದ ಬಣ್ಣದ ಅಕ್ಷರ, ಐದನೇ ತರಗತಿಯ ಗಣಿತ ಶಿಕ್ಷಕಿ ವನಜಮ್ಮನವರು ವೇದಿಕೆಗೆ ಬರಬೇಕು, ಚಪ್ಪಾಳೆ, ಶಾಲು ಹೊದಿಸಿದವರ ಕೈಯಿಂದ ಸೆಂಟಿನ ವಾಸನೆ, ಮೊದಲ ಸಾಲಿನಲ್ಲಿ ಹೆಡ್‌ಮಾಸ್ಟರ್ ರೇವಣಸಿದ್ದಯ್ಯನವರ ಅರಳಿದ ಮುಖ. ಯಾರಾದರೂ ಎದ್ದು ಕೇಳಲಿ ಅಂತ ಕಾದಳು ಅಲ್ಲಿ ನಿಂತು, ನಿಜವಾಗಿ ಕಾದಳು, ಕ್ಲಾಸಿನಲ್ಲಿ ಹತ್ತೊಂಬತ್ತು ಮಕ್ಕಳಲ್ಲವೇ ಮೇಡಂ, ಪರೀಕ್ಷೆ ಬರೆದವರು ಹದಿನೆಂಟು, ಇನ್ನೊಬ್ಬಳು ಎಲ್ಲಿ. ಯಾರೂ ಕೇಳಲಿಲ್ಲ. ಎಲ್ಲರಿಗೂ ಊಟಕ್ಕೆ ಹೊತ್ತಾಗಿತ್ತು. ಬಸ್ಸು ಗೂಳೂರು ದಾಟುತ್ತಿದೆ, ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ವ್ಯಾನಿಟಿ ಬ್ಯಾಗಿನೊಳಗೆ ಚಿಲ್ಲರೆ ಹುಡುಕುವಾಗ ಬೆರಳಿಗೆ ಏನೋ ಚುಚ್ಚಿತು, ಏನೋ ಅಂತ ಯಾಕೆ ಅನ್ನಬೇಕು, ಏನೆಂದು ಅವಳಿಗೆ ಗೊತ್ತು, ಐದು ತಿಂಗಳಿಂದ ಅದು ಅಲ್ಲೇ ಇದೆ.

ಹೋದ ವರ್ಷ ಗುಬ್ಬಿಯ ಮೀಟಿಂಗಿನಲ್ಲಿ ಶಿಕ್ಷಣಾಧಿಕಾರಿ ಸಾಹೇಬರು ಹೇಳಿದ್ದರು, ಎರಡು ಸಾವಿರದ ಆರರಿಂದ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ, ಬೆಂಗಳೂರಿನ ಮಗುವಿಗೂ ಅದೇ ನಿಮ್ಮ ಮಗುವಿಗೂ ಅದೇ, ಶಾಲೆಶಾಲೆಗೆ ಗ್ರೇಡು — ಅವತ್ತು ಎದ್ದು ನಿಂತವಳು ಇವಳೊಬ್ಬಳೇ, ಎಂಥ ಧೈರ್ಯ, ಎಲ್ಲಿ ಹೋಯಿತೋ ಅದು ಆಮೇಲೆ. ಸಾರ್, ಮಾದರಿ ಪತ್ರಿಕೇಲಿ ಲಿಫ್ಟಿನ ಲೆಕ್ಕ ಕೊಟ್ಟಿದೀರ, ಹಾಗಲವಾಡಿ ಕಡೆ ಮಕ್ಕಳು ಲಿಫ್ಟ್ ಎಲ್ಲಿ ನೋಡ್ಬೇಕು ಸಾರ್, ನಾನು ಬಾವಿ ಬಿಂದಿಗೆ ತೋರ್ಸಿ ಹೇಳ್ಕೊಟ್ಟೆ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ, ಮೇಡಂ, ಐದನೇ ಕ್ಲಾಸಿಗೆ ಬಂದ್ರೂ ಓದಕ್ಕೆ ಬರದ ಮಕ್ಕಳು ಎಷ್ಟಿದಾರೆ ಅಂತ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಅಳೀದೆ ಹೆಂಗೆ ಗೊತ್ತಾಗ್ಬೇಕು, ಆ ಮಕ್ಕಳನ್ನ ಹುಡ್ಕಕ್ಕೇ ಈ ಟೆಸ್ಟು. ಇವಳು ಕೂತಳು, ಕೂತಾಗ ಕಣ್ಣ ಮುಂದೆ ಬಂದವಳು ಮಾನಸಾ. ಬಾಯಲ್ಲಿ ಕೇಳಿದರೆ ಇಪ್ಪತ್ನಾಕಾರಲೆ ಎಷ್ಟು ಅನ್ನುವಷ್ಟರಲ್ಲಿ ನೂರನಲವತ್ನಾಕು ಮಿಸ್ ಅನ್ನುವ ಹುಡುಗಿ, ಅಜ್ಜಿ ರಂಗಮ್ಮನ ಜೊತೆ ತೋಟದಲ್ಲಿ ಕಾಯಿ ರಾಶಿ ಎಣಿಸಿ ಒಂದೂ ತಪ್ಪದವಳು, ಪುಸ್ತಕ ತೆಗೆದರೆ ಮಾತ್ರ ಅಕ್ಷರವೆಲ್ಲ ಕಲಸಿಹೋಗಿ ಬೆವರುವವಳು. ಆದರೂ ಒಂದು ದಿನ ತಪ್ಪಿಸಿದವಳಲ್ಲ. ಉತ್ತರದ ಹಾಳೆಯಲ್ಲಿ ಉತ್ತರದ ಎದುರಿನ ಸೊನ್ನೆಯನ್ನು ಪೆನ್ಸಿಲಿನಿಂದ ಕಪ್ಪಾಗಿ ತುಂಬುವುದನ್ನು ತಿಂಗಳುಗಟ್ಟಲೆ ಕಲಿಸಿದಳಲ್ಲ ವನಜಮ್ಮ, ಗೆರೆ ದಾಟಬಾರದು, ಬಿಳಿ ಬಿಡಬಾರದು, ಅದರಲ್ಲಿ ಇಡೀ ಕ್ಲಾಸಿಗೆ ಮಾನಸಾಳೇ ಫಸ್ಟು, ಬೊಟ್ಟು ಇಟ್ಟಂತೆ ತುಂಬುತ್ತಿದ್ದಳು, ಸರಿಯೋ ತಪ್ಪೋ ಆ ಮಾತು ಬೇರೆ. ಪೆನ್ಸಿಲನ್ನ ಎರಡೂ ಕಡೆ ಚೂಪು ಮಾಡ್ಕೊಂಡು ಬನ್ರೋ, ಒಂದು ಕಡೆ ಮುರುದ್ರೆ ತಿರುಗಿಸ್ಕೊಂಡು ಬರೀರಿ, ಟೈಮ್ ವೇಸ್ಟ್ ಮಾಡ್ಬೇಡಿ — ಇದನ್ನು ಹೇಳಿದವಳೂ ವನಜಮ್ಮನೇ, ಹೇಳುವಾಗ ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದಳು.

ಪರೀಕ್ಷೆಯ ಹಿಂದಿನ ದಿನ ಹೆಡ್‌ಮಾಸ್ಟರು ಆಫೀಸು ರೂಮಿಗೆ ಕರೆದರು, ಬಾಗಿಲು ಮುಂದೆ ಮಾಡಿದರು, ವನಜಮ್ಮಾರೆ, ಆಬ್ಸೆಂಟ್ ಆದೋರ್ನ ಸರಾಸರಿಗೆ ಸೇರ್ಸಲ್ಲ, ಆ ಒಂದು ಹುಡುಗಿ ಬರದೇ ಇದ್ರೆ ನಮಗೆ ಎ, ಬಂದ್ರೆ ಬಿ, ಬಿ ಬಂದ್ರೆ ನೋಟೀಸು, ನೋಡಿ, ನಾನೇನೂ ಹೇಳಿಲ್ಲಪ್ಪ. ಹೇಳಿಲ್ಲವಂತೆ. ಅವರನ್ನು ಬಯ್ಯುವುದು ಸುಲಭ, ಅವರು ಹೇಳಲಿಲ್ಲ ಸರಿ, ಹೇಳಿದವಳು ಯಾರು, ಸಾಯಂಕಾಲ ಬೆಲ್ಲು ಹೊಡೆದ ಮೇಲೆ ಹುಣಸೆಮರದ ಕೆಳಗೆ ಮಾನಸಾಳ ಭುಜದ ಮೇಲೆ ಕೈಯಿಟ್ಟು, ಎಷ್ಟು ಪ್ರೀತಿಯ ಕೈ, ಪುಟ್ಟಾ ನಾಳೆ ಒಂದಿನ ಮನೇಲಿರು, ಅಜ್ಜಿಗೆ ಹುಷಾರಿಲ್ಲ ಅಂತ ನಾನ್ ಬರ್ಕೋತೀನಿ. ಅಜ್ಜಿ ಚೆನ್ನಾಗವ್ಳೆ ಮಿಸ್. ಇರ್ಲಿ ಕಣೇ, ಆದ್ರೂ. ನಾನ್ ಸೊನ್ನೆ ಚೆನ್ನಾಗಿ ತುಂಬ್ತೀನಲ್ವಾ ಮಿಸ್? ತುಂಬ್ತೀಯ ಕಣಮ್ಮ. ಹುಡುಗಿ ಚೀಲ ಹೆಗಲಿಗೇರಿಸಿ ಹೋದಳು. ಇಡೀ ರಾಜ್ಯದ ಪರೀಕ್ಷೆ ಹುಡುಕಿಕೊಂಡು ಬಂದದ್ದೇ ಅವಳನ್ನು, ಅವಳೊಬ್ಬಳನ್ನೇ ಬಚ್ಚಿಟ್ಟದ್ದು, ಬಚ್ಚಿಟ್ಟ ಕೈ ಇದು, ಇದೇ, ಈಗ ಬಸ್ಸಿನ ಕಂಬಿ ಹಿಡಿದಿದೆ. ಮಾರನೇ ದಿನ ಹೊರಗಿನವರು ಬರಬಾರದೆಂದು ಗೇಟಿಗೆ ಬೀಗ, ಒಳಗೆ ಬೇರೆ ಶಾಲೆಯ ಮೇಷ್ಟರು, ಹದಿನೆಂಟು ತಲೆ ಬಗ್ಗಿವೆ, ವರಾಂಡದಲ್ಲಿ ನಿಂತವಳಿಗೆ ಗೇಟಿನಾಚೆ ನೀಲಿ ಲಂಗ ಕಂಡಿತು, ಒಗೆದು ಮಡಿಸಿದ ಗೆರೆ ಇನ್ನೂ ಹೋಗಿಲ್ಲ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಟೇಪು. ಓಡಿದಳು ವನಜಮ್ಮ, ಯಾರಾದರೂ ನೋಡಿಯಾರೆಂದು ಓಡಿದಳು, ಥೂ. ಯಾಕ್ ಬಂದೆ ಮಾನಸಾ, ಹೇಳಿರ್ಲಿಲ್ವಾ. ಒಳಕ್ ಬರಲ್ಲ ಮಿಸ್, ಯಾರ್ದಾದ್ರೂ ಮುರ್ದೋದ್ರೆ ಕೊಡಿ ಅಂತ ತಂದೆ — ಗೇಟಿನ ಸರಳುಗಳ ನಡುವೆ ಆ ಕೈ, ಕೈಯಲ್ಲಿ ಪೆನ್ಸಿಲು, ಅಜ್ಜಿಯ ಕುಡುಗೋಲಿನಿಂದ ಕೆತ್ತಿ ಎರಡೂ ತುದಿ ಚೂಪು ಮಾಡಿದ್ದು. ಬೀಗದ ಕೈ ವನಜಮ್ಮನ ಸೊಂಟದಲ್ಲೇ ಇತ್ತು. ತೆಗೆಯಬಹುದಿತ್ತು. ಪೆನ್ಸಿಲು ಇಸಿದುಕೊಂಡಳು.

ಹೆಬ್ಬೂರು, ಹೆಬ್ಬೂರು ಯಾರ್ರೀ, ಇಳಿಯೋರು ಬೇಗ ಇಳೀರಿ. ಅವತ್ತು ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾಗಿತ್ತೋ ಇಲ್ಲವೋ, ಒಳಗೆ ಚೈತನ್ಯ ಅನ್ನುವ ಹುಡುಗನ ಪೆನ್ಸಿಲು ಎರಡೂ ಕಡೆ ಮುರಿಯಿತು, ಇದನ್ನೇ ಒಳಗೆ ಕಳಿಸಿದಳು, ಅವನೇ ಕ್ಲಾಸಿಗೆ ಹೆಚ್ಚು ತೆಗೆದದ್ದು, ಪರೀಕ್ಷೆ ಮುಗಿದ ಮೇಲೆ ಅವನಿಂದ ವಾಪಸ್ಸು ಇಸಿದುಕೊಂಡು ಬ್ಯಾಗಿಗೆ ಹಾಕಿದವಳು ಮತ್ತೆ ಹೊರಗೆ ತೆಗೆದಿಲ್ಲ. ಮಾನಸಾ ಮಾರನೇ ದಿನ ಬರಲಿಲ್ಲ, ಆ ವಾರ ಬರಲಿಲ್ಲ, ಈ ಸೋಮವಾರ ಹೋಗಿ ಕರೆದುತರುತ್ತೇನೆ ಅಂದುಕೊಂಡಳು, ಮುಂದಿನ ಸೋಮವಾರ ಅಂದುಕೊಂಡಳು, ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗುವುದು. ಕಳೆದ ವಾರ ಗುಬ್ಬಿ ಸಂತೆಯಲ್ಲಿ ಸಿಕ್ಕ ರಂಗಮ್ಮನಿಗೆ ಸಿಟ್ಟೇ ಇಲ್ಲ, ಸಿಟ್ಟಾದರೂ ಇರಬಾರದಿತ್ತೇ, ಟೆಸ್ಟಿನ್ ದಿನ ಬಂದು ಯೂನಿಫಾರಂ ಬಿಚ್ಚಿ ಮಡಿಸಿಟ್ಲು ಕಣ್ರಮ್ಮ, ಇನ್ ಇದು ಬ್ಯಾಡ ಅಜ್ಜಿ ಅಂದ್ಲು, ಕುಣಿಗಲ್ಲಾಗೆ ಅವ್ಳ ಸೋದರತ್ತೆ ಮನೇಲವ್ಳೆ, ಕೂಸು ಎತ್ಕೊಳಾಕೆ, ಕೆರೆ ಏರಿ ಕೆಳಗೆ, ಫ್ಲೋರ್ ಮಿಲ್ ಪಕ್ಕ. ಕರೆದುಕೊಂಡು ಬರುತ್ತೇನೆ, ಇವತ್ತೇ, ಈ ಬಸ್ಸಿನಲ್ಲೇ ವಾಪಸ್ಸು, ಆರನೇ ಕ್ಲಾಸಿನಲ್ಲಿ ಕೂರಿಸುತ್ತೇನೆ, ದಿನಾ ಸಂಜೆ ಒಂದು ಗಂಟೆ ಪಕ್ಕದಲ್ಲಿ ಕೂತು ಓದಿಸುತ್ತೇನೆ, ಅಕ್ಷರ ಹೇಗೆ ಕೂಡಿಬರುವುದಿಲ್ಲವೋ ನೋಡಿಯೇಬಿಡುತ್ತೇನೆ, ಗ್ರೇಡು ಹಾಳಾಗಿ ಹೋಗಲಿ — ಲಾಸ್ಟ್ ಸ್ಟಾಪು ಮೇಡಂ. ಇಳಿದಳು, ಏರಿ, ಗಾಳಿ, ರಾಗಿಹಿಟ್ಟಿನ ಬಿಸಿ ವಾಸನೆ, ಬಾಗಿಲಲ್ಲಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಿಂತವಳು ಅವಳೇ, ಟೇಪಿಲ್ಲ, ಒಂದೇ ಜಡೆ, ಮಿಸ್! ಎಷ್ಟು ಸಂತೋಷ ಆ ಮುಖದಲ್ಲಿ, ಆ ಸಂತೋಷ ನೋಡಿಯೇ ವನಜಮ್ಮನಿಗೆ ಅಳು ಬಂತು. ಬಾ ಮಾನಸಾ, ಹೋಗಣ ಸ್ಕೂಲಿಗೆ, ನಾನೇ ಕರ್ಕೊಂಡೋಗಕ್ಕೆ ಬಂದಿದೀನಿ. ಹುಡುಗಿ ಶಾಲು ನೋಡಿದಳು, ಕಟ್ಟು ಹಾಕಿಸಿದ ಪತ್ರ ನೋಡಿದಳು, ಎ ಅನ್ನುವ ಒಂದು ಅಕ್ಷರ ಅವಳಿಗೆ ಬರುತ್ತಿತ್ತು. ಬ್ಯಾಡ ಮಿಸ್, ನಾನ್ ಬಂದ್ರೆ ಮುಂದ್ಲೊರ್ಷ ಈ ಎ ಹೊಂಟೋಯ್ತದೆ. ಜಂಬವಿಲ್ಲ, ಕೋಪವಿಲ್ಲ, ಇಪ್ಪತ್ನಾಕಾರಲೆ ಹೇಳುವ ಹಾಗೆ ಹೇಳಿದಳು, ಸರಿಯಾದ ಲೆಕ್ಕ, ವನಜಮ್ಮನೇ ಕಲಿಸಿದ ಲೆಕ್ಕ. ಹಾಗಲ್ಲ ಕಣೇ, ಹಾಗಲ್ಲ ಪುಟ್ಟಾ — ವನಜಮ್ಮ ಬ್ಯಾಗಿಗೆ ಕೈಹಾಕಿದಳು, ಚುಚ್ಚಿತು, ತೆಗೆದು ಚಾಚಿದಳು, ಇದು ನಿಂದು ತಗೋ. ಕೂಸು ಜಾರುತ್ತಿತ್ತು, ಹುಡುಗಿಯ ಎರಡು ಕೈಯೂ ಅದನ್ನೇ ಅವಚಿಕೊಂಡಿದ್ದವು. ಇಟ್ಕೊಳ್ಳಿ ಮಿಸ್, ಯಾರ್ದಾದ್ರೂ ಮುರ್ದೋದ್ರೆ ಕೊಡಿ. ಅವತ್ತಿನದೇ ಮಾತು, ಕಣ್ಣ ಮುಂದೆ ಮತ್ತೆ ಅದೇ ಗೇಟು, ಗೇಟಿನ ಸರಳು, ಸರಳಿನ ನಡುವೆ ಚಾಚಿದ ಕೈ, ಕೈಯಲ್ಲಿ ಪೆನ್ಸಿಲು, ಎರಡೂ ತುದಿ ಚೂಪು, ಬೀಗದ ಕೈ ಸೊಂಟದಲ್ಲಿ, ಗೇಟಿನ ಸರಳು, ಕೈ, ಪೆನ್ಸಿಲು, ಎರಡೂ ತುದಿ