ಎರಡು ಅಂಕ

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ರೋಶೆಲ್ ತಮ್ಮ ತಂಡ ಚೆಂಡು ಹಾಕಬೇಕಾದ ಬುಟ್ಟಿಯ ಕೆಳಗೆ ಒಬ್ಬಳೇ ನಿಂತಿದ್ದಳು. ಎಡ ಮೊಣಕಾಲಿಗೆ ಕಬ್ಬಿಣದ ಪಟ್ಟಿಯ ಕಟ್ಟು. ಓಡಕೂಡದು, ನೆಗೆಯಕೂಡದು ಎಂದು ಡಾಕ್ಟರು ಹೇಳಿದ್ದರು.

ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ, ತಮ್ಮ ಅಂಗಳದಲ್ಲಿ ಇದೇ ಕೊನೆಯ ಆಟ. ಸ್ವಲ್ಪ ಹೊತ್ತಿನ ಹಿಂದೆ ಅಮ್ಮನ ಕೈಗೆ ಹೂಗುಚ್ಛ ಕೊಟ್ಟು, ಇಬ್ಬರನ್ನೂ ಅಂಗಳದ ನಡುವೆ ನಿಲ್ಲಿಸಿ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಸಾವಿರ ಅಂಕ ಗಳಿಸಿದವರ ಹೆಸರನ್ನು ಇಲ್ಲಿ ಗೋಡೆಯ ಮೇಲೆ ಬರೆಯುತ್ತಾರೆ. ಅವಳ ಮಂಡಿ ಮುರಿದಾಗ ಎರಡೇ ಅಂಕ, ಅಂದರೆ ಒಂದೇ ಒಂದು ಬುಟ್ಟಿ, ಬಾಕಿ ಇತ್ತು.

ಅದಕ್ಕೇ ಎರಡೂ ತಂಡದ ಕೋಚ್‌ಗಳು ಮಾತಾಡಿಕೊಂಡಿದ್ದರು. ಮೊದಲು ಎದುರಾಳಿಗಳು ಒಂದು ಬುಟ್ಟಿ ಹಾಕುತ್ತಾರೆ, ಯಾರೂ ತಡೆಯುವುದಿಲ್ಲ. ಆಮೇಲೆ ರೋಶೆಲ್ ಒಂದು ಹಾಕಿ ಹೊರಗೆ ಹೋಗುತ್ತಾಳೆ. ಅಲ್ಲಿಂದಾಚೆಗೆ ನಿಜವಾದ ಆಟ. ಗೆದ್ದವರು ರಾಜ್ಯದಾಚೆಯ ಪಂದ್ಯಾವಳಿಗೆ, ಸೋತವರು ಮನೆಗೆ.

ಸೀಟಿ ಮೊಳಗಿತು. ಎದುರಾಳಿ ತಂಡದ ತವಾನಾ ಆರಡಿ ದಾಟಿದ ಹುಡುಗಿ. ಚೆಂಡು ಹಿಡಿದು ಆಚೆ ಬುಟ್ಟಿಯತ್ತ ನಿಧಾನವಾಗಿ ನಡೆದಳು. ಎಲ್ಲರೂ ಸುಮ್ಮನೆ ನಿಂತಿದ್ದರು. ಅವಳು ಚೆಂಡನ್ನು ಎತ್ತಿದ್ದೇ ತಡ, ರೋಶೆಲ್ ತಂಡದ, ಮೊದಲ ವರ್ಷದ ಕ್ಯಾಸಿ ಹಾರಿ ಅದನ್ನು ಬಡಿದುಬಿಟ್ಟಳು! ಸುಲಭದ ಬುಟ್ಟಿ ಬಿಟ್ಟುಕೊಟ್ಟವರನ್ನು ಕೋಚ್ ಇಡೀ ವರ್ಷ ಮೆಟ್ಟಿಲು ಹತ್ತಿಸಿ ಇಳಿಸಿದ್ದರು. ಆ ಕೈ ಯಾರ ಮಾತೂ ಕೇಳಲಿಲ್ಲ. ಸಿಡಿದ ಚೆಂಡನ್ನು ಕ್ಯಾಸಿ ತಾನೇ ಹಿಡಿದು ಆಚೆ ತುದಿಗೆ ಉದ್ದಕ್ಕೆ ಎಸೆದಳು.

ಚೆಂಡು ಬಂದು ರೋಶೆಲ್ಳ ಎದೆಗೇ ಬಿತ್ತು.

"ಹಾಕೇ! ಹಾಕು!" ಸಭಾಂಗಣವೇ ಎದ್ದು ನಿಂತಿತು. ಬುಟ್ಟಿ ತಲೆಯ ಮೇಲೇ ಇತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ಅಮ್ಮ ಹೂಗುಚ್ಛವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಈಗ ಬಿಟ್ಟರೆ, ರೇಗಿ ನಿಂತ ಎದುರಾಳಿಗಳು ಇನ್ನೊಂದು ಅವಕಾಶ ಕೊಡುತ್ತಾರೆಯೇ?

ರೋಶೆಲ್ ಚೆಂಡನ್ನು ನೆಲಕ್ಕಿಟ್ಟು ಗೆರೆಯಾಚೆಗೆ ಉರುಳಿಸಿದಳು.

ಚೆಂಡು ಎದುರಾಳಿಗಳ ಪಾಲಾಯಿತು. ಈ ಸಲ ಕ್ಯಾಸಿ ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು. ತವಾನಾ ಬುಟ್ಟಿ ಹಾಕಿದಳು. ಅವಳ ತಂಡದ ಉಳಿದವರು ನಡುಗೆರೆಯಲ್ಲೇ ನಿಂತರು. ತವಾನಾ ಮಾತ್ರ ನಿಲ್ಲಲಿಲ್ಲ. ದಡದಡ ಓಡಿ ಬಂದು ರೋಶೆಲ್ಳ ಮುಂದೆ ಗೋಡೆಯಂತೆ ನಿಂತಳು. ಅಷ್ಟರಲ್ಲಿ ಚೆಂಡು ರೋಶೆಲ್ಳ ಕೈಗೆ ಬಂದಿತ್ತು.

"ಚೆನ್ನಾಗಿ ನಾಟಕ ಆಡಿದ್ರಿ ಕಣೇ," ಎಂದಳು ತವಾನಾ.

"ಅವ್ಳು ಹೊಸಬಳು. ಕೈ ತಾನಾಗೇ ಹೋಯ್ತು."

"ನನ್ ಕೈನೂ ಹಂಗೇ ಹೋಗ್ಬಹುದು."

ರೋಶೆಲ್ ತಮ್ಮ ಕೋಚ್ ಕಡೆ ನೋಡಿದಳು. ಆಮೇಲೆ ಬುಟ್ಟಿಯ ಕಡೆಗೆ ತಿರುಗಿದಳು.

"ಹೋಗೋದಾದ್ರೆ ಹೋಗ್ಲಿ ಬಿಡು," ಎಂದು ಬಲಗಾಲ ಮೇಲೆ ಭಾರ ಹಾಕಿ ಚೆಂಡನ್ನು ಎತ್ತಿದಳು.

ತವಾನಾಳ ಭುಜ ಥಟ್ಟನೆ ಮೇಲೆದ್ದಿತು. ಕೈ ಮಾತ್ರ ಏಳಲಿಲ್ಲ. ತನ್ನ ಅಂಗಿಯ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅವಳು ಕೆಳಕ್ಕೆ ಎಳೆಯುತ್ತಿದ್ದಳು.

ಚೆಂಡು ಬುಟ್ಟಿಯ ಬಳೆಯ ಮೇಲೆ ಒಂದು ಸುತ್ತು ತಿರುಗಿತು, ಇನ್ನೊಂದು ಅರ್ಧ ಸುತ್ತು. ಒಳಗೆ ಬಿತ್ತು.

ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ರೋಶೆಲ್ ತವಾನಾಳ ಕಿವಿಯ ಕಡೆಗೆ ಮುಖವೆತ್ತಿ ಕೂಗಿದಳು: "ಅಂಗಿ ಹರಿದ್ಹೋಗತ್ತೆ, ಬಿಡೇ ಇನ್ನ!"

"ಮೊದ್ಲು ನೀನು ಆಚೆ ನಡಿಯೇ ಮಾರಾಯ್ತಿ," ಎಂದಳು ತವಾನಾ, ಹಿಡಿತ ಸಡಿಲಿಸದೆ. "ಆಮೇಲ್ ಬಿಡ್ತೀನಿ."