ಅರ್ಧ ದಾರಿಯ ಸೋಫಾ

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸಿಕೊಡುವ ಆ ಅಂಗಡಿಯಲ್ಲಿ ಕೂರುವ ಜಾಗಕ್ಕೇನೂ ಬರವಿರಲಿಲ್ಲ. ಆದರೂ ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕೈಹೊಲಿಗೆಯನ್ನೂ ನಿಂತೇ ಹಾಕುತ್ತಿದ್ದಳು. ಮೊಳೆ ತರಲು ಮಹಡಿ ಹತ್ತಿ ಇಳಿದವಳು, ಸುತ್ತಿಗೆಗೆಂದು ಮತ್ತೆ ಹತ್ತುತ್ತಿದ್ದಳು. ಅಂಗಡಿಯ ಒಡತಿ ಅವಳ ಚಿಕ್ಕಮ್ಮ. ಹುಡುಗಿಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ.

ಬಟ್ಟೆ ಆರಿಸಲು ಬಂದ ಗಿರಾಕಿ ಹೆಂಗಸು ಬುಗುರಿಯನ್ನು ಮೇಲಿಂದ ಕೆಳಗೆ ನೋಡಿದಳು. “ಎಷ್ಟು ಚೆನ್ನಾಗಿ ಮೈ ಇಟ್ಕೊಂಡಿದೀಯಮ್ಮ. ಮಳೆಯಲ್ಲೂ ಓಡ್ತೀಯಂತೆ. ನನ್ನ ಮಗಳಿಗೂ ಸ್ವಲ್ಪ ಹೇಳ್ಕೊಡು, ಹಾಸಿಗೆ ಬಿಟ್ಟು ಏಳೋದೇ ಇಲ್ಲ.”

“ಅವಳೀಗ ಓಡಲ್ಲ. ಡಾಕ್ಟ್ರು ಬೇಡ ಅಂದಿದಾರೆ” ಎಂದಳು ಚಿಕ್ಕಮ್ಮ.

“ವ್ಯಾಯಾಮ ಬೇಡ ಅನ್ನೋ ಡಾಕ್ಟ್ರೂ ಇದಾರಾ?”

“ಇದಾರೆ. ನೀವು ಆ ಹಸಿರು ಬಟ್ಟೆ ನೋಡಿ.”

ಬುಗುರಿ ತಲೆ ತಗ್ಗಿಸಿ ದಾರ ಪೋಣಿಸುತ್ತಿದ್ದಳು. ಶಿಸ್ತು ಎಂದು ಊರೆಲ್ಲ ಹೊಗಳಿದ್ದು ಒಳಗೆ ಏನಾಗಿತ್ತೆಂದು ಅವಳಿಗೆ ಮಾತ್ರ ಗೊತ್ತಿತ್ತು. ತಿಂದ ತುತ್ತಿಗೆಲ್ಲ ಓಡಿ ಲೆಕ್ಕ ಚುಕ್ತಾ ಮಾಡಬೇಕಿತ್ತು. ಓಡದ ದಿನ ತಟ್ಟೆಯ ಮುಂದೆ ಕೂತರೆ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಜ್ವರ ಬಂದಾಗಲೂ ಓಡಿದ್ದಳು, ಕಾಲು ಉಳುಕಿದಾಗಲೂ ಓಡಿದ್ದಳು. ಮುಟ್ಟು ನಿಂತು ಎಷ್ಟೋ ತಿಂಗಳಾಗಿತ್ತು. ಕೊನೆಗೊಮ್ಮೆ ರಸ್ತೆಯಲ್ಲೇ ಕುಸಿದು ಬಿದ್ದ ಮೇಲೆ ಆಸ್ಪತ್ರೆ ಸೇರಿ, ಹೊತ್ತುಹೊತ್ತಿಗೆ ಉಣ್ಣುವುದನ್ನು ಮಗುವಿನಂತೆ ಹೊಸದಾಗಿ ಕಲಿತು ಬಂದಿದ್ದಳು.

ಉಣ್ಣುವುದೇನೋ ಬಂತು. ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.

ಹಿಂದಿನ ವಾರ ಆಸ್ಪತ್ರೆಯ ವ್ಯಾಯಾಮದ ಮೇಡಂ ನಾಡಿ ಹಿಡಿದು ನೋಡಿ ಹೇಳಿದ್ದಳು: “ಹೃದಯ ಇನ್ನೂ ನಿಧಾನವಾಗೇ ಇದೆ. ಮುಂದಿನ ವಾರವೂ ಹೀಗೇ ಇದ್ರೆ ವಾರ್ಡಿಗೆ ಸೇರಿಸ್ಕೋಬೇಕಾಗುತ್ತೆ.”

“ಹಾಗಾದ್ರೆ ಇನ್ಮೇಲೆ ಜೀವಮಾನದಲ್ಲಿ ಓಡೋ ಹಾಗಿಲ್ವಾ?”

“ಯಾರು ಹಾಗಂದಿದ್ದು? ನಿನ್ನ ಕಾಲು ನಿನಗೆ ವಾಪಸ್ ಬರಲಿ ಅಂತಲೇ ನಾನಿರೋದು. ಸದ್ಯಕ್ಕೆ ಸಣ್ಣ ನಡಿಗೆ ಸಾಕು. ಊಟ ಆದ್ಮೇಲೆ, ಜೊತೆಗೆ ಯಾರಾದ್ರೂ ಇದ್ದಾಗ, ಹರಟೆ ಹೊಡೆಯೋವಷ್ಟು ನಿಧಾನಕ್ಕೆ. ಮಧ್ಯದಲ್ಲೇ ಸಾಕು ಅಂತ ವಾಪಸ್ ಬರೋಕೂ ಆಗ್ಬೇಕು. ಅರ್ಧಕ್ಕೆ ಬಿಡೋದು ಬಂತು ಅಂದ್ರೆ ಅರ್ಧ ಗುಣ ಆದ ಹಾಗೆ.”

ಹರಟೆಯ ಮಾತು ಕಿವಿಗೆ ಬಿದ್ದದ್ದೇ ಚಿಕ್ಕಮ್ಮ, “ಜೊತೆಗೆ ನಾನಿದೀನಲ್ಲ” ಎಂದು ಸೆರಗು ಸಿಕ್ಕಿಸಿಬಿಟ್ಟಿದ್ದಳು.

ಗಿರಾಕಿ ಹೋದ ಮೇಲೆ ಇಬ್ಬರೂ ತಿಂಡಿ ಮುಗಿಸಿ ಹೊರಟರು. ಸೇತುವೆಯವರೆಗೆ ಹೋಗಿ ಬರುವುದೆಂದು ಮಾತಾಗಿತ್ತು. ಚಿಕ್ಕಮ್ಮನದು ಮೆರವಣಿಗೆಯ ದೇವರಂಥ ನಡಿಗೆ. ಹೂವಿನಂಗಡಿಯಲ್ಲೊಮ್ಮೆ ನಿಂತಳು, ಬೀಗದಂಗಡಿಯಲ್ಲೊಮ್ಮೆ ನಿಂತಳು, ಯಾರದೋ ಬೆಕ್ಕಿನ ಯೋಗಕ್ಷೇಮವನ್ನೂ ಕೇಳಿದಳು. ಬುಗುರಿ ಪ್ರತಿಸಲವೂ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು.

ತಿರುವಿನಲ್ಲಿ, ಯಾರೋ ಮನೆ ಖಾಲಿ ಮಾಡಿದವರು, ಫುಟ್‌ಪಾತಿನ ಮೇಲೆ ಇಬ್ಬರು ಕೂರುವ ಸೋಫಾವೊಂದನ್ನು ಬಿಸಾಡಿ ಹೋಗಿದ್ದರು. ಎಸೆದ ಸೋಫಾ ಕಂಡೂ ಮುಂದೆ ಹೋಗುವ ಜನ್ಮವಲ್ಲ ಚಿಕ್ಕಮ್ಮನದು. ಮಗುಚಿ ಅಡಿ ನೋಡಿದಳು, ಸ್ಪ್ರಿಂಗು ಒತ್ತಿದಳು.

“ಚೌಕಟ್ಟು ಕಲ್ಲಿನ ಹಾಗಿದೆ ಕಣೇ. ಇದನ್ನ ಬಿಟ್ಟು ಹೋದ್ರೆ ಬೇರೆ ಯಾರಾದ್ರೂ ಹೊತ್ಕೊಂಡು ಹೋಗ್ತಾರೆ. ನಿಮ್ಮಮ್ಮನಿಗೆ ಫೋನ್ ಮಾಡಿ ಅಂಗಡಿ ವ್ಯಾನ್ ತರಿಸ್ತೀನಿ.” ಫೋನು ಮುಗಿಸಿ ಧೂಳು ಕೊಡವಿ ತಾನೇ ಕೂತಳು.

“ಮತ್ತೆ ಸೇತುವೆ?”

“ಸೇತುವೆ ಎಲ್ಲಿಗೆ ಓಡಿಹೋಗುತ್ತೆ? ಕೂತ್ಕೋ.”

“ಇನ್ನೂ ಅರ್ಧ ದಾರಿನೂ ಆಗಿಲ್ಲ.”

ಹೇಳುವಾಗಲೇ ಬುಗುರಿಗೆ ಮೇಡಂ ಹೇಳಿದ ಅರ್ಧ ಇದೇ ಎಂದು ತಿಳಿಯಿತು. ತಿಳಿದರೇನು, ಮೊಣಕಾಲು ಮಡಚಲೊಲ್ಲದು. ಸೋಫಾದ ಅಂಚಿಗೆ ತಾಗಿದಂತೆ ಕೂತಳು.

“ಭಯ ಆಗ್ತಿದೆ ಚಿಕ್ಕಮ್ಮ.”

“ಏನಾಗುತ್ತೆ ಅಂತ?”

“ಗೊತ್ತಿಲ್ಲ. ಏನೋ ಆಗುತ್ತೆ ಅನ್ಸುತ್ತೆ.”

“ಆಗ್ಲಿ. ಇಬ್ರೂ ಕೂತು ನೋಡೋಣ ಏನಾಗುತ್ತೆ ಅಂತ.”

ಏನೂ ಆಗಲಿಲ್ಲ. ಒಂದು ಬಸ್ಸು ಬಂದು ನಿಧಾನಿಸಿತು, ಚಾಲಕ ತಲೆ ಹೊರಹಾಕಿ, “ಏನಮ್ಮ, ಇಲ್ಲೊಂದು ಹೊಸ ಸ್ಟಾಪ್ ಆಯ್ತಾ? ಸೋಫಾ ಎಲ್ಲ ಹಾಕ್ಸಿದಾರೆ” ಎಂದ. “ಟೀ ಬರೋದು ಬಾಕಿ” ಎಂದಳು ಚಿಕ್ಕಮ್ಮ. ಬಸ್ಸಿನೊಳಗಿದ್ದವರೆಲ್ಲ ನಕ್ಕರು. ಬುಗುರಿಗೂ ನಗು ಬಂತು, ಬಂದದ್ದು ನಿಲ್ಲಲಿಲ್ಲ. ನಗುತ್ತ ನಗುತ್ತ ಬೆನ್ನು ತಾನಾಗಿಯೇ ಹಿಂದಕ್ಕೆ ಒರಗಿತು. ಅಷ್ಟು ಹೊತ್ತು ಉಕ್ಕಿಬರುತ್ತಿದ್ದ ಭಯ, ಉರಿ ತಗ್ಗಿಸಿದ ಹಾಲಿನಂತೆ ಮೆಲ್ಲಗೆ ಇಳಿಯಿತು.

“ಒಂದು ಹೇಳ್ಲಾ? ನಾನು ಮಹಡಿ ಹತ್ತೋದು ಸುತ್ತಿಗೆಗಲ್ಲ” ಎಂದಳು.

“ಗೊತ್ತು. ಸುತ್ತಿಗೆ ಕೆಳಗೇ ಇರುತ್ತೆ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?”

“ನೀನಾಗೇ ಹೇಳ್ತೀಯಾ ಅಂತ. ಈಗ ಆ ಮೇಡಂಗೂ ಹೇಳಿಬಿಡು. ಮುಚ್ಚಿಟ್ರೆ ಅವಳು ತಾನೇ ಏನು ಮಾಡ್ತಾಳೆ?” ಚಿಕ್ಕಮ್ಮ ಸೋಫಾದಿಂದ ಕಿತ್ತುಬಂದ ದಾರವೊಂದನ್ನು ಬೆರಳಿಗೆ ಸುತ್ತಿಕೊಂಡಳು. “ನೀನು ಓಡುವಾಗ ಬಂದವರ ಹತ್ರ ಎಲ್ಲ ಜಂಭ ಕೊಚ್ಕೊಂಡಿದ್ದು ನಾನೇ. ಹೊಗಳಿದವರು ನಾವು, ಓಡಿ ಸವೆದಿದ್ದು ನೀನು.”

ಬುಗುರಿ ಅವಳ ದಪ್ಪ ತೋಳಿಗೆ ತಲೆಯಾನಿಸಿದಳು.

ಅಮ್ಮ ವ್ಯಾನು ತಂದು ನಿಲ್ಲಿಸಿದಳು. ರಸ್ತೆ ಬದಿಯಲ್ಲಿ ಮಹಾರಾಣಿಯರಂತೆ ಒರಗಿದ್ದ ಇಬ್ಬರನ್ನೂ ಕಂಡು ಇಂಜಿನ್ ಆರಿಸಿ, ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಮಗಳು ಹೀಗೆ ಆರಾಮಾಗಿ ಕೂತದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆದರೂ ಮಗಳ ಮುಖ ಸೇತುವೆಯ ಕಡೆ ತಿರುಗಿದ್ದು ಕಂಡು ತಾಯಿಕರುಳು ತಡೆಯಲಿಲ್ಲ. “ಬೇಕಿದ್ರೆ ಹೋಗಿ ಬಾ ಪುಟ್ಟಿ. ನಾವು ಕಾಯ್ತೀವಿ.”

ಬುಗುರಿ ಸೇತುವೆಯನ್ನೇ ನೋಡಿದಳು. ಅದು ಕರೆಯುತ್ತಲೇ ಇತ್ತು. ನಾಳೆಯೂ ಕರೆಯುತ್ತದೆ, ನಾಡಿದ್ದೂ ಕರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಇವತ್ತು ಬೇಡಮ್ಮ. ಮೊದಲು ಆಸ್ಪತ್ರೆ ಕಡೆ ಬಿಡು, ಮೇಡಂ ಹತ್ರ ಮಾತಾಡೋದಿದೆ.” ಎದ್ದವಳು ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಆಮೇಲೆ ತನಗೇ ಆಶ್ಚರ್ಯವಾದಂತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ನಡೆದೂ ಇಲ್ಲ, ಏನೂ ಇಲ್ಲ. ಆದ್ರೂ ಹಸಿವಾಗ್ತಿದೆ.”

“ಹಸಿವಾದ್ರೆ ಊಟ ಮಾಡೋದು, ಇನ್ನೇನು” ಎಂದಳು ಅಮ್ಮ, ಕಣ್ಣೊರೆಸಿಕೊಂಡು ವ್ಯಾನು ಚಾಲೂ ಮಾಡುತ್ತ.

ಹಿಂದಿನಿಂದ ಚಿಕ್ಕಮ್ಮನ ಕೂಗು ಕೇಳಿತು. “ಲೇ, ಸೋಫಾ ಯಾರು ಎತ್ತಿ ಹಾಕೋರು?”