ಹದಿನೇಳನೆಯ ನಂಬರಿನ ಮುದ್ರೆ

ಪರದೇಶದ ಕೆಂಟ್ ಊರಿನ ಆ ವರ್ಕ್‌ಶಾಪಿನಲ್ಲಿ ಹದಿನೇಳನೆಯ ನಂಬರಿನ ಮುದ್ರೆ ಎಂದರೆ ವೀರಣ್ಣನದು. ವಿಮಾನದ ಬಿಡಿಭಾಗದ ಕಾಗದದ ಮೇಲೆ ಅದು ಬಿತ್ತೆಂದರೆ ಮುಗಿಯಿತು, ಇನ್ನೊಬ್ಬರು ತಿರುಗಿಸಿ ನೋಡುವ ಮಾತೇ ಇಲ್ಲ. ಇಪ್ಪತ್ತೊಂದು ವರ್ಷ ತಪಾಸಣೆ ಮಾಡಿ ಒಂದೇ ಒಂದು ಮಾಲು ವಾಪಸ್ ಬರಿಸಿಕೊಳ್ಳದ ಮನುಷ್ಯನಿಗೆ ಒಂಚೂರು ಜಂಬ ಇರಬಾರದೇ? ಒಂಚೂರಲ್ಲ, ಬೇಕಾದಷ್ಟಿತ್ತು. ಬೇರೆಯವರು ಒಂದು ತೂತನ್ನು ಒಮ್ಮೆ ಅಳೆದರೆ ಈ ಗದಗಿನ ಮಹರಾಯ ಮೂರು ಸಲ ಅಳೆಯಬೇಕು. ತೂತಿನೊಳಗೆ ತೂರಿಸಿ ಅಳತೆ ನೋಡುವ ಉಕ್ಕಿನ ಗೇಜು ಕೂಡ ತನ್ನದೇ ಆಗಬೇಕು. "ನನ್ನ ಗೇಜ್ ತಗೊಳ್ರಿ, ಅದು ಸುಳ್ಳು ಹೇಳಂಗಿಲ್ಲ" ಎಂದು ವಿಭಾಗದವರಿಗೆಲ್ಲ ಅದನ್ನೇ ಹಿಡಿಸಿದ್ದ.

೨೦೧೪ರ ಮಾರ್ಚ್‌ನಲ್ಲಿ ಒಂದು ಸೋಮವಾರ ನಲವತ್ತು ಬ್ರಾಕೆಟ್ಟುಗಳು ವಾಪಸ್ ಬಂದವು. ತೂತು ಕಿರಿದು, ಬೋಲ್ಟು ಒಳಗೆ ಹೋಗುತ್ತಿಲ್ಲ. ಕಾಗದದ ಮೇಲೆ ಹನ್ನೊಂದನೆಯ ನಂಬರಿನ ಮುದ್ರೆ, ಮೈಸೂರಿನ ಚಕ್ರಪಾಣಿಯದು. ವೀರಣ್ಣನಿಗೆ ಮೈಯೆಲ್ಲ ಉರಿಯಿತು. ಮ್ಯಾನೇಜರಮ್ಮನ ಮುಂದೆ, ಇಡೀ ಶಿಫ್ಟಿನವರ ಎದುರಿಗೆ ಹೇಳಿಯೇಬಿಟ್ಟ: ಯಾರ ತಪ್ಪೋ ಅವರ ಮುದ್ರೆ ಹೋಗಲೇಬೇಕು, ಶುಕ್ರವಾರದೊಳಗೆ ನಾನೇ ಸಾಬೀತು ಮಾಡಿ ನನ್ನ ಕೈಯಾರೆ ಅದನ್ನು ವಾಪಸ್ ಪಡೆದ ಮುದ್ರೆಗಳ ಬೋರ್ಡಿನ ಕೊಕ್ಕೆಗೆ ತೂಗುಹಾಕುತ್ತೇನೆ. ಮುದ್ರೆ ಹೋದವನಿಗೆ ಆಮೇಲೆ ಪ್ಯಾಕಿಂಗ್ ಮೇಜೇ ಗತಿ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

"ವೀರಣ್ಣೋರೇ, ನಾನು ಸರಿಯಾಗೇ ಚೆಕ್ ಮಾಡಿದೀನಿ. ಇನ್ನೇನು ಹೇಳ್ಲಿ," ಎಂದ ಚಕ್ರಪಾಣಿ. ವೀರಣ್ಣ ಅವನ ಮುಖ ಕೂಡ ನೋಡಲಿಲ್ಲ.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಮಗಳು ಸ್ಮಿತಾ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡೇ ತಿನ್ನುತ್ತಿದ್ದಳು. ಹೈಸ್ಕೂಲಿನಲ್ಲಿ ಪ್ರಬಂಧ ಬರೆಯಲು ಹೇಳಿದ್ದರು: ಹಳೆಯ ಗ್ರೀಕ್ ನಾಟಕಗಳ ದುರಂತ ನಾಯಕ ಎಂದರೆ ಯಾರು?

"ಏನಂತವ್ವ ಅವನ ಲಕ್ಷಣ?" ವೀರಣ್ಣ ಕೇಳಿದ.

"ಫಸ್ಟ್, ಹಿ ಹ್ಯಾಸ್ ಟು ಬಿ ಎ ಕಿಂಗ್. ಭಾಳ ದೊಡ್ಡ ಮನಷ್ಯಾ. ಕೆಟ್ಟಾಂವ ಅಲ್ಲ. ಒಂದು ಮಿಸ್ಟೇಕ್ ಮಾಡ್ತಾನ, ಬೀಳ್ತಾನ."

"ಛಲೋ ಮನಷ್ಯಾ ಬಿದ್ರ ಅದೆಲ್ಲಿ ನ್ಯಾಯ? ನಮ್ಮ ದೊಡ್ಡಾಟದಾಗ ಕೆಟ್ಟಾಂವ ಬೀಳ್ತಾನ, ಮಂದಿ ಚಪ್ಪಾಳಿ ಹೊಡೀತಾರ."

"ನೋ ಅಪ್ಪಾ. ಅವನ ಗುಡ್ ಕ್ವಾಲಿಟಿನೇ ಅವನ್ನ ಬೀಳಸ್ತದ. ಲಾಸ್ಟಿಗೆ ತನ್ನ ಮಿಸ್ಟೇಕ್ ಹಿ ಫೈಂಡ್ಸ್ ಔಟ್ ಹಿಮ್‌ಸೆಲ್ಫ್."

"ತಲಿ ಕೆಟ್ಟ ಮಂದಿ," ಎಂದು ವೀರಣ್ಣ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಗುರುವಾರ ಚಕ್ರಪಾಣಿಯ ತಪ್ಪನ್ನು ಪಕ್ಕಾ ಮಾಡಲೆಂದು ವೀರಣ್ಣ ಬ್ರಾಕೆಟ್ಟುಗಳನ್ನೂ, ಅವನು ಅಳೆಯಲು ಬಳಸಿದ್ದ ತನ್ನ ಗೇಜನ್ನೂ ಅಳತೆ ಕೋಣೆಗೆ ಒಯ್ದ. ಮೊದಲು ಗೇಜು ಸರಿಯಿದೆ ಎಂದು ಬರೆಯಬೇಕಲ್ಲ, ಅದನ್ನು ಯಂತ್ರಕ್ಕಿಟ್ಟ. ಕಡಿಮೆ ತೋರಿಸಿತು. ಮತ್ತೆ ಇಟ್ಟ. ಮೂರನೆಯ ಸಲವೂ ಅಷ್ಟೇ. ಗೇಜು ಸವೆದಿತ್ತು. ಸವೆದ ಗೇಜು ಕಿರಿದಾದ ತೂತಿನಲ್ಲೂ ಸಲೀಸಾಗಿ ಹೋಗುತ್ತದೆ. ಪಾಪ, ಚಕ್ರಪಾಣಿ ಸರಿಯಾಗಿಯೇ ಅಳೆದಿದ್ದ. ಸವೆಸಿದವರು ಯಾರು? ಒಂದೊಂದು ತೂತಿಗೂ ಅದನ್ನು ಮೂರು ಮೂರು ಸಲ ತೂರಿಸಿದವನು. ಹೆಚ್ಚು ಬಳಸಿದ ಗೇಜನ್ನು ವಾಯಿದೆಗೆ ಮೊದಲೇ ಪರೀಕ್ಷೆಗೆ ಕಳಿಸಬೇಕೆಂಬ ನಿಯಮ ಗೋಡೆಯ ಮೇಲಿತ್ತು. ಅದನ್ನು ಬರೆದವನೂ ವೀರಣ್ಣನೇ. ತನ್ನ ಗೇಜಿಗೂ ಅದು ಅನ್ವಯಿಸುತ್ತದೆ ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಡ್ರಾಯರಿನಲ್ಲಿ ಎಣ್ಣೆಕಾಗದ ಸುತ್ತಿದ ಹೊಸ ಗೇಜಿತ್ತು. ಬದಲಾಯಿಸಿಟ್ಟರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಸುಳ್ಳೇಕೆ ಹೇಳಬೇಕು, ಅವನ ಕೈ ಡ್ರಾಯರಿನ ತನಕ ಹೋಯಿತು. ಗಾಜಿನಾಚೆ ಚಕ್ರಪಾಣಿ ತನ್ನ ಮೇಜಿನ ಮೇಲಿದ್ದ ಮಕ್ಕಳ ಫೋಟೋವನ್ನು ಆಗಲೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ವೀರಣ್ಣನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವನು ಡ್ರಾಯರು ಮುಚ್ಚಿ ಎದ್ದ.

ಹೊರಗೆ ಬಂದು ಶಿಫ್ಟಿನವರನ್ನೆಲ್ಲ ಕೂಗಿ ಕರೆದ. ಗೇಜು ತೋರಿಸಿ, ಯಂತ್ರದ ಅಂಕಿ ಓದಿ ಹೇಳಿದ. ಆ ಗೇಜಿನಲ್ಲಿ ಅಳೆದ ಉಳಿದ ಮಾಲಿನ ಪಟ್ಟಿಯನ್ನೂ ಮ್ಯಾನೇಜರಮ್ಮನಿಗೆ ಬರೆದುಕೊಟ್ಟ. ಅರ್ಧಕ್ಕರ್ಧ ಅವನದೇ ಮುದ್ರೆ ಬಿದ್ದ ಮಾಲು. ಆಕೆ ಅವಸರ ಬೇಡ, ಯೋಚಿಸೋಣ ಎಂದಳು. ಅವನು ಜೇಬಿನಿಂದ ಹದಿನೇಳನ್ನು ತೆಗೆದು, ಒರೆಸಿ, ಕೊಕ್ಕೆಗೆ ತೂಗುಹಾಕಿದ.

ಪಾರ್ಕಿಂಗಿನವರೆಗೂ ಚಕ್ರಪಾಣಿ ಹಿಂದೆಯೇ ಬಂದ. "ಯಾಕ್ ಹೇಳಿದ್ರಿ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಸೋಮವಾರ ನಾ ಏನ್ ಹೇಳಿದ್ದೆ, ಅದು ಎಲ್ಲಾರಿಗೂ ಗೊತ್ತಿತ್ತಲ್ಲ. ನಿನ್ನ ಮ್ಯಾಲ ಸುಮ್ಮನ ಹರಿಹಾಯ್ದೆ. ತಪ್ಪಾತಪ್ಪ."

ಮನೆಯಲ್ಲಿ ಎಲ್ಲ ಕೇಳಿ ಹೆಂಡತಿ ಶರಣವ್ವ ತಟ್ಟೆ ಹಿಡಿದು ನಿಂತೇಬಿಟ್ಟಳು. "ಇನ್ ಮುಂದ ಹೆಂಗ್ರಿ?"

"ಪ್ಯಾಕಿಂಗ್ ಮೇಜು. ನೀ ರೊಟ್ಟಿ ಹಾಕು." ಅವನ ಬೆನ್ನು ನೆಟ್ಟಗಿತ್ತು. "ಇಪ್ಪತ್ತೊಂದು ವರ್ಷ ತಪ್ಪು ಹುಡುಕೇನಿ. ಇವತ್ತಿನಂಗ ಕರೆಕ್ಟಾಗಿ ಯಾವತ್ತೂ ಹುಡುಕಿಲ್ಲ ನೋಡು."

ಸ್ಮಿತಾ ಲ್ಯಾಪ್‌ಟಾಪ್ ಎಳೆದುಕೊಂಡು ಪ್ರಬಂಧದ ಮೊದಲನೆಯ ಸಾಲನ್ನು ಅಳಿಸಿದಳು.

"ಏನ್ ಅಳಿಸಿದಿ?"

"ಕಿಂಗ್ ಇರಬೇಕು ಅಂತ ಬರದಿದ್ದೆ ಅಪ್ಪಾ," ಎಂದಳು.